ಲಿನಕ್ಸ್‌ಗೆ ಯಾವ ಡಿಸ್ಕ್ ಕಾರ್ಡ್? ರಾಯಚೂರು ಬಿಸಿಲಿನಲ್ಲಿ ಐದು ಬಗೆಯ ಕಂಟ್ರೋಲರ್‌ಗಳ ಹೋಲಿಕೆ

ಕಂಪ್ಯೂಟರಿಗೆ ಹೆಚ್ಚು ಡಿಸ್ಕ್ ಸೇರಿಸಲು ಹಾಕುವ ಡಿಸ್ಕ್ ಕಾರ್ಡ್ (ಕಂಟ್ರೋಲರ್) ಕೊಳ್ಳುವಾಗ ಅಂಗಡಿಯವರನ್ನು ಮೊದಲು ಕೇಳಬೇಕಾದದ್ದು ಒಂದೇ: ಹೀಟ್‌ಸಿಂಕಿನ ಕೆಳಗೆ ಯಾವ ಚಿಪ್ ಕೂತಿದೆ? ಡಬ್ಬಿಯ ಮೇಲೆ ಏನೇ ಬರೆದಿರಲಿ, ಲಿನಕ್ಸಿನ ತಿರುಳಾದ ಕರ್ನಲ್ ಮಾತಾಡುವುದು ಆ ಚಿಪ್ಪಿನ ಜೊತೆ. ಒಂದೇ ಚಿಪ್ಪಿನ ಕಾರ್ಡು ನಾಲ್ಕಾರು ಹೆಸರುಗಳಲ್ಲಿ ಸಿಗುತ್ತದೆ. ಅದೇ ಹೆಸರಿನ, ಅದೇ ಬಣ್ಣದ ಕಾರ್ಡನ್ನು ವರ್ಷ ಬಿಟ್ಟು ತರಿಸಿದರೆ ಒಳಗಿನ ಚಿಪ್ ಬೇರೆಯಾಗಿರುವುದೂ ಉಂಟು.

ಹೋಲಿಕೆಗೆ ಬಳಸಿದ ಯಂತ್ರ ಸಾಧಾರಣದ್ದು: ನಾಲ್ಕನೇ ತಲೆಮಾರಿನ ಕೋರ್ ಐ5, ಬಿ85 ಮದರ್‌ಬೋರ್ಡ್, 16 ಜಿಬಿ ರ್‍ಯಾಮ್, 7200 ಆರ್‌ಪಿಎಂನ 4 ಟಿಬಿ ಡಿಸ್ಕ್‌ಗಳು. ಗಂಗಾವತಿಯ ರೈಸ್ ಮಿಲ್ ಆಫೀಸಿನಲ್ಲಿ, ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕದಲ್ಲಿ, ರಾಯಚೂರಿನ ಫೋಟೊ ಸ್ಟುಡಿಯೊದಲ್ಲಿ ಮೂಲೆಗೆ ಸರಿದಿರುವುದು ಹೆಚ್ಚಾಗಿ ಇದೇ ವಯಸ್ಸಿನ ಯಂತ್ರ. ಅದಕ್ಕೇ ಡಿಸ್ಕ್ ತುಂಬಿ ಸರ್ವರ್ ಮಾಡಿಕೊಳ್ಳುವ ಆಲೋಚನೆ ಬರುತ್ತದೆ. ಡೆಬಿಯನ್ 12 (ಲಿನಕ್ಸಿನ ಒಂದು ರೂಪ) ಮತ್ತು ಫ್ರೀಬಿಎಸ್‌ಡಿ 14 (ಲಿನಕ್ಸ್ ಅಲ್ಲದ ಇನ್ನೊಂದು ಆಪರೇಟಿಂಗ್ ಸಿಸ್ಟಂ), ಎರಡರಲ್ಲೂ ಕಾರ್ಡ್ ಬದಲಿಸುತ್ತಾ ಅವೇ ಡಿಸ್ಕ್‌ಗಳನ್ನು ಹಾಕಿ ನೋಡಲಾಗಿದೆ. ಹಲವು ಡಿಸ್ಕ್‌ಗಳನ್ನು ಒಂದು ಗುಂಪಾಗಿ (ಅರೇ) ಕಟ್ಟಲು ಡೆಬಿಯನ್‌ನಲ್ಲಿ ಎಂಡಿಎಡಿಎಂ, ಫ್ರೀಬಿಎಸ್‌ಡಿಯಲ್ಲಿ ಝಡ್‌ಎಫ್‌ಎಸ್ ಬಳಸಿದ್ದೇವೆ. ಎಸಿ ಇಲ್ಲದ ಕೋಣೆ, ಹೊರಗೆ 40 ಡಿಗ್ರಿ ದಾಟಿದ ಮಧ್ಯಾಹ್ನ. ತಂಪು ಕೋಣೆಯಲ್ಲಿ ಎಲ್ಲ ಕಾರ್ಡೂ ಒಳ್ಳೆಯದೇ. ನಮ್ಮ ಕಡೆ ಯಾವುದು ನಿಲ್ಲುತ್ತದೆ ಎಂಬುದು ಏಪ್ರಿಲ್, ಮೇ ತಿಂಗಳಲ್ಲಿ ಗೊತ್ತಾಗುತ್ತದೆ.

ಎಷ್ಟು ವೇಗ ಬೇಕು, ಸ್ಲಾಟ್ ಎಷ್ಟು ಕೊಡುತ್ತದೆ

ಮಿಲ್ಲಿಗೆ 16 ಕ್ಯಾಮೆರಾ ಇವೆ, ಒಂದೊಂದಕ್ಕೆ ಸೆಕೆಂಡಿಗೆ 4 ಮೆಗಾಬಿಟ್ ಎಂದುಕೊಳ್ಳಿ. ಒಟ್ಟು 64 ಮೆಗಾಬಿಟ್, ಅಂದರೆ ಸೆಕೆಂಡಿಗೆ 8 ಎಂಬಿ. ದಿನಕ್ಕೆ ಸುಮಾರು 690 ಜಿಬಿ, 30 ದಿನಕ್ಕೆ 20 ಟಿಬಿಗೂ ಹೆಚ್ಚು. ಜಾಗ ಬಹಳ ಬೇಕು, ವೇಗ ಏನೇನೂ ಬೇಡ. ಸ್ಟುಡಿಯೊದವರು ಗಿಗಾಬಿಟ್ ನೆಟ್‌ವರ್ಕಿನಲ್ಲಿ ಮದುವೆ ವಿಡಿಯೊ ಕಾಪಿ ಮಾಡಿದರೂ ಸೆಕೆಂಡಿಗೆ 110 ಎಂಬಿ ದಾಟುವುದಿಲ್ಲ. ಅಲ್ಲಿ ಅಡ್ಡ ಬರುವುದು ನೆಟ್‌ವರ್ಕ್ ಕೇಬಲ್.

ಹಾಗಾದರೆ ಕಾರ್ಡಿನ ವೇಗ ಲೆಕ್ಕಕ್ಕೆ ಬರುವುದು ಯಾವಾಗ? ಒಂದು ಡಿಸ್ಕ್ ಸತ್ತು ಹೊಸದನ್ನು ಹಾಕಿ ಅದರ ಡೇಟಾ ಮತ್ತೆ ಕಟ್ಟುವ ರೀಬಿಲ್ಡ್ ಮಾಡುವಾಗ, ಇಲ್ಲವೇ ಎಲ್ಲ ಡೇಟಾ ಓದಿ ಪರೀಕ್ಷಿಸುವ ಸ್ಕ್ರಬ್ಬನ್ನು ತಿಂಗಳಿಗೊಮ್ಮೆ ಓಡಿಸುವಾಗ. ಆಗ ಎಲ್ಲ ಡಿಸ್ಕ್‌ಗಳೂ ಒಟ್ಟಿಗೆ ಓದುತ್ತವೆ. ಇಂಥ ಡಿಸ್ಕ್ ಹೊರ ಅಂಚಿನಲ್ಲಿ ಸೆಕೆಂಡಿಗೆ 200 ಎಂಬಿ ಆಸುಪಾಸು, ಸರಾಸರಿ 150 ಎಂಬಿ ಕೊಡುತ್ತದೆ. ಆ ವೇಗಕ್ಕೆ 4 ಟಿಬಿ ಪೂರ್ತಿ ಓದಲು ಏಳೂವರೆ ಗಂಟೆ.

ಕಾರ್ಡ್ ಕೂರುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ತಲೆಮಾರು (2.0, 3.0), ಅಗಲ (ಎಕ್ಸ್1, ಎಕ್ಸ್4) ಎಂದು ಎರಡು ಅಳತೆ. 2.0ರ ಎಕ್ಸ್1 ಸ್ಲಾಟ್ ಹೇಳಿಕೆಗೆ 500 ಎಂಬಿ, ಕೈಗೆ ಸಿಗುವುದು 400ರ ಸುತ್ತಮುತ್ತ. ನಾಲ್ಕು ಡಿಸ್ಕ್ ಹಂಚಿಕೊಂಡರೆ ತಲಾ 100, ರೀಬಿಲ್ಡ್‌ಗೆ 11 ಗಂಟೆ. ಇದು ಸಹಿಸಬಹುದಾದ ನಷ್ಟ. ಹಳೆಯ ಬಿಳಿ ಪಿಸಿಐ ಸ್ಲಾಟಿನದು ಬೇರೆ ಕಥೆ. ಅದರ ಒಟ್ಟು ವೇಗವೇ 133 ಎಂಬಿ, ನಿಜಕ್ಕೆ ಸಿಗುವುದು 100. ಸಿಲಿಕಾನ್ ಇಮೇಜ್ 3114 ಚಿಪ್ಪಿನ ಕಾರ್ಡು ಲಿನಕ್ಸಿನಲ್ಲಿ ತಕರಾರಿಲ್ಲದೆ ಎದ್ದೇಳುತ್ತದೆ, ಆದರೆ ನಾಲ್ಕು ಡಿಸ್ಕ್ ಹಾಕಿದರೆ ತಲಾ 25 ಎಂಬಿ, ರೀಬಿಲ್ಡ್ 44 ಗಂಟೆ. ಎರಡು ದಿನ ಉಳಿದ ಡಿಸ್ಕ್‌ಗಳ ಮೇಲೆ ಒತ್ತಡ ಹಾಕಿ, ಕರೆಂಟ್ ಹೋಗದಿರಲಿ ಎಂದು ಕಾಯುವುದು ಬೇಡ. ಇದನ್ನು ಹೋಲಿಕೆಯಿಂದಲೇ ಬಿಟ್ಟಿದ್ದೇವೆ.

ಇನ್ನೊಂದನ್ನು ಮೊದಲೇ ನೋಡಿಕೊಳ್ಳಿ. ಬಿ85, ಎಚ್81 ಬೋರ್ಡ್‌ಗಳಲ್ಲಿ ಚಿಪ್‌ಸೆಟ್‌ನಿಂದ ಬರುವ ಸ್ಲಾಟ್‌ಗಳೆಲ್ಲ 2.0, ಬಿ85ರಲ್ಲಿ ಪ್ರೊಸೆಸರಿಗೆ ನೇರವಾಗಿ ಸೇರುವ ಉದ್ದನೆಯ ಸ್ಲಾಟ್ ಮಾತ್ರ 3.0 ಆಗಬಲ್ಲದು. ಎರಡನೇ ಉದ್ದ ಸ್ಲಾಟ್ ಇದ್ದರೆ ಅದು ನೋಡಲು ಎಕ್ಸ್16, ಒಳಗೆ ಎಕ್ಸ್4. ಕಾರ್ಡ್ ಹಾಕಿದ ಮೇಲೆ ರೂಟ್ (ನಿರ್ವಾಹಕ) ಆಗಿ 'ಎಲ್‌ಎಸ್‌ಪಿಸಿಐ -ವಿವಿ' ಆದೇಶ ಕೊಟ್ಟು 'ಲಿಂಕ್‌ಸ್ಟಾ' ಸಾಲನ್ನು ಓದಿ. ವೇಗ 5 ಜಿಟಿ ಅಂದರೆ 2.0, 8 ಜಿಟಿ ಅಂದರೆ 3.0; ಪಕ್ಕದಲ್ಲೇ ಅಗಲ ಎಕ್ಸ್1, ಎಕ್ಸ್2 ಎಂದು ಬರುತ್ತದೆ. ಕಾರ್ಡ್ ಸರಿಯಾಗಿ ಕೂರದಿದ್ದರೂ ಅಗಲ ಇಳಿದು ತೋರಿಸುತ್ತದೆ. ಒಮ್ಮೆ ಕಿತ್ತು, ತುದಿಯ ಚಿನ್ನದ ಬಣ್ಣದ ಪಟ್ಟಿಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಮತ್ತೆ ಹಾಕಿದರೆ ಬಹಳ ಸಲ ಸರಿಹೋಗುತ್ತದೆ.

ಒಂದು: ನೇರ ಸಾಟಾ ಕಾರ್ಡ್‌ಗಳು

ಸಾಟಾ ಅಂದರೆ ಸಾಮಾನ್ಯ ಡಿಸ್ಕ್‌ಗಳು ಸೇರುವ ಕನೆಕ್ಟರ್ ಬಗೆ. ಎಎಸ್‌ಮೀಡಿಯಾದ ಎಎಸ್‌ಎಂ1064ಕ್ಕೆ ನಾಲ್ಕು ಪೋರ್ಟ್, 3.0 ಎಕ್ಸ್1. ಎಎಸ್‌ಎಂ1166ಕ್ಕೆ ಆರು ಪೋರ್ಟ್, 3.0 ಎಕ್ಸ್2. ಜೆಮೈಕ್ರಾನಿನ ಜೆಎಂಬಿ585ಕ್ಕೆ ಐದು ಪೋರ್ಟ್, 3.0 ಎಕ್ಸ್2. ಮೂರೂ ಎಎಚ್‌ಸಿಐ ಎಂಬ ಸಾಮಾನ್ಯ ಗುಣಮಟ್ಟಕ್ಕೆ ಒಗ್ಗಿದವು. ಹಾಗಾಗಿ ಮದರ್‌ಬೋರ್ಡಿನ ಸಾಟಾ ಪೋರ್ಟ್ ನಡೆಸುವ ಡ್ರೈವರೇ ಇವನ್ನೂ ನಡೆಸುತ್ತದೆ. ಡ್ರೈವರ್ ಇಳಿಸುವುದು, ಫರ್ಮ್‌ವೇರ್ (ಕಾರ್ಡಿನೊಳಗೆ ಓಡುವ ತಂತ್ರಾಂಶ) ಪ್ಯಾಕೇಜ್ ಹುಡುಕುವುದು ಯಾವುದೂ ಇಲ್ಲ. ಡೆಬಿಯನ್‌ನಲ್ಲಿ ಎಸ್‌ಡಿಎ, ಎಸ್‌ಡಿಬಿ ಎಂದು, ಫ್ರೀಬಿಎಸ್‌ಡಿಯಲ್ಲಿ ಎಡಿಎ0, ಎಡಿಎ1 ಎಂದು ಡಿಸ್ಕ್‌ಗಳು ಸುಮ್ಮನೆ ಬಂದು ನಿಲ್ಲುತ್ತವೆ. ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್ ಮಾಹಿತಿ ನೇರ ಸಿಗುತ್ತದೆ, ಅಳಿಸಿದ ಜಾಗ ಖಾಲಿ ಎಂದು ತಿಳಿಸುವ ಟ್ರಿಮ್ ಆದೇಶ ಎಸ್‌ಎಸ್‌ಡಿಗೆ ನೇರ ಹೋಗುತ್ತದೆ.

ನಾಲ್ಕರಿಂದ ಆರು ಡಿಸ್ಕಿನವರಿಗೆ ನಮ್ಮ ಮೊದಲ ಆಯ್ಕೆ ಎಎಸ್‌ಎಂ1166. ಬಿ85ರ ಎರಡನೇ ಉದ್ದ ಸ್ಲಾಟಿನಲ್ಲಿ ಅದು 2.0 ಎಕ್ಸ್2 ಆಗಿ ಓಡುತ್ತದೆ. ಕೈಗೆ 800 ಎಂಬಿ, ಆರು ಡಿಸ್ಕಿಗೆ ತಲಾ 130ರ ಮೇಲೆ. ರೀಬಿಲ್ಡ್ ಎಂಟೂವರೆ ಗಂಟೆಯ ಲೆಕ್ಕ, ಡಿಸ್ಕಿನ ಸ್ವಂತ ವೇಗಕ್ಕೆ ಹತ್ತಿರ. ಚಿಪ್ ಬಿಸಿಯಾಗುತ್ತದೆ, ಆದರೆ ಚಿಕ್ಕ ಅಲ್ಯುಮಿನಿಯಂ ಹೀಟ್‌ಸಿಂಕಿಗೆ ಮಧ್ಯಾಹ್ನವೂ ಬೆರಳಿಡಬಹುದು. ಹೀಟ್‌ಸಿಂಕ್ ಇಲ್ಲದೆ ಬರುವ ಕಾರ್ಡನ್ನು ನಮ್ಮ ಕಡೆಗೆ ತರಿಸಬೇಡಿ.

ಇದರ ಒಂದು ದೋಷ ಗೊತ್ತಿರಲಿ. ಹಳೆಯ ಫರ್ಮ್‌ವೇರ್ ಇರುವ 1166 ತನಗೆ 32 ಪೋರ್ಟ್ ಇದೆ ಎಂದು ಕರ್ನಲ್‌ಗೆ ಹೇಳುತ್ತದೆ. ಇರುವುದು ಆರು, ಉಳಿದ 26 ಖಾಲಿ ಪೋರ್ಟ್‌ಗಳನ್ನು ಕರ್ನಲ್ ಒಂದೊಂದಾಗಿ ತಡಕಾಡುತ್ತದೆ, ಬೂಟ್ ನಿಧಾನವಾಗುತ್ತದೆ. ಕರ್ನಲ್ ಬರೆದಿಡುವ ಲಾಗಿನಲ್ಲಿ ಎಟಿಎ30, ಎಟಿಎ35 ಎಂಬ ಹೆಸರು ಕಂಡು ಗಾಬರಿಯಾಗಬೇಕಿಲ್ಲ. ಡೇಟಾಗೆ ತೊಂದರೆಯಿಲ್ಲ.

ಜೆಎಂಬಿ585ಕ್ಕೂ ಇದಕ್ಕೂ ವೇಗದಲ್ಲಿ ವ್ಯತ್ಯಾಸ ಕಾಣಲಿಲ್ಲ. ಐದು ಪೋರ್ಟ್ ಸಾಕಾದರೆ, ಬೆಲೆ ಕಡಿಮೆ ಸಿಕ್ಕರೆ ಅದೂ ಆಗಬಹುದು. ಸ್ಲಾಟ್ ಮಾತ್ರ ನೋಡಿಕೊಳ್ಳಿ: 585ರ ಕಾರ್ಡ್‌ಗಳು ಸಾಮಾನ್ಯವಾಗಿ ಎಕ್ಸ್4 ಉದ್ದ ಇರುತ್ತವೆ, ಹಿಂಬದಿ ಮುಚ್ಚಿದ ಎಕ್ಸ್1 ಸ್ಲಾಟಿಗೆ ಇಳಿಯುವುದಿಲ್ಲ. ಎಕ್ಸ್1 ಬಿಟ್ಟು ಬೇರೆ ಸ್ಲಾಟ್ ಇಲ್ಲದವರಿಗೆ 1064. ಎಂ.2 ಸ್ಲಾಟಿಗೆ ಹಾಕುವ 1166 ಕೂಡ ಬರುತ್ತದೆ. ಅದು ತೆಳ್ಳಗಿನ ಹಲಗೆ, ಆರು ಕೇಬಲ್ಲಿನ ಭಾರಕ್ಕೆ ಬಾಗುತ್ತದೆ, ಕೇಬಲ್ ಕಟ್ಟಿ ನಿಲ್ಲಿಸದಿದ್ದರೆ ಹಾಕಬೇಡಿ.

ಎರಡು: ಮಾರ್ವೆಲ್ ಚಿಪ್ಪಿನವು

88ಎಸ್‌ಇ9215, 88ಎಸ್‌ಇ9230. ನಾಲ್ಕು ಪೋರ್ಟ್, ಪಿಸಿಐ ಎಕ್ಸ್‌ಪ್ರೆಸ್ 2.0. ಇವೂ ಎಎಚ್‌ಸಿಐ, ಸಾದಾ ಲಿನಕ್ಸ್‌ನಲ್ಲಿ ನಡೆಯುತ್ತವೆ. ತೊಡಕು ಬರುವುದು ವರ್ಚುವಲ್ ಮಷೀನಿಗೆ (ಯಂತ್ರದೊಳಗೆ ಓಡುವ ಇನ್ನೊಂದು ಯಂತ್ರ) ಕಾರ್ಡನ್ನು ನೇರ ಒಪ್ಪಿಸಲು ಬಯಾಸ್‌ನಲ್ಲಿ ವಿಟಿ-ಡಿ ಆನ್ ಮಾಡಿದಾಗ. ಈ ಸಾಲಿನ ಹಲವು ಚಿಪ್‌ಗಳು ಡಿಎಂಎ (ಮೆಮೊರಿಗೆ ನೇರ ಓದು, ಬರಹ) ಕೋರಿಕೆಯನ್ನು ತಮ್ಮ ನಿಜವಾದ ವಿಳಾಸ ಬಿಟ್ಟು, ಇಲ್ಲದ ಎರಡನೇ ಫಂಕ್ಷನ್ನಿನ ವಿಳಾಸದಿಂದ ಕಳಿಸುತ್ತವೆ. ಮೆಮೊರಿಗೆ ಕಾವಲಿರುವ ಐಒಎಂಎಂಯು ಅದನ್ನು ಅಪರಿಚಿತ ಎಂದು ತಡೆಯುತ್ತದೆ. ಬಯಾಸ್‌ನಲ್ಲಿ ಡಿಸ್ಕ್ ಕಾಣುತ್ತದೆ, ಬೂಟ್ ಆದ ಮೇಲೆ ಮಾಯ. ಲಾಗಿನಲ್ಲಿ 'ಡಿಎಂಎಆರ್' ಎಂದು ಶುರುವಾಗುವ ಸಾಲುಗಳು. ಕರ್ನಲ್‌ನವರು ಇಂಥ ಚಿಪ್‌ಗಳ ಪಟ್ಟಿಯನ್ನೇ ಇಟ್ಟುಕೊಂಡು ಒಂದೊಂದಕ್ಕೂ ತೇಪೆ ಹಾಕಿದ್ದಾರೆ. ಹಳೆಯ ಕರ್ನಲ್ ಇದ್ದು ನಿಮ್ಮ ಚಿಪ್ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ವಿಟಿ-ಡಿ ಆಫ್ ಮಾಡುವುದೊಂದೇ ದಾರಿ. ಕೈಯಲ್ಲಿ ಇದ್ದರೆ ಬಳಸಿ, ಹೊಸದಾಗಿ ಕೊಳ್ಳಬೇಡಿ.

ಮೂರು: ಹತ್ತು, ಹದಿನಾರು, ಇಪ್ಪತ್ತು ಪೋರ್ಟಿನ ಅಗ್ಗದ ಕಾರ್ಡ್‌ಗಳು

ಎಕ್ಸ್1 ಕಾರ್ಡಿನ ಮೇಲೆ ಹದಿನಾರು ಸಾಟಾ ಪೋರ್ಟ್ ಸಾಲಾಗಿ ನಿಂತಿರುವ ಫೋಟೊ ನೋಡಿದರೆ ಆಸೆಯಾಗುವುದು ಸಹಜ. ಅದರಲ್ಲಿ ಇರುವುದು ನಾಲ್ಕು ಪೋರ್ಟಿನ ಒಂದು ಕಂಟ್ರೋಲರ್. ಅದರ ಪೋರ್ಟ್‌ಗಳಿಗೆ ಜೆಎಂಬಿ575ರಂಥ ಪೋರ್ಟ್ ಮಲ್ಟಿಪ್ಲಯರ್ ಚಿಪ್ ಅಂಟಿಸಿ ಒಂದನ್ನು ಐದು ಮಾಡಿರುತ್ತಾರೆ. ಒಂದು ಕೊಳಾಯಿಗೆ ಐದು ಬಾಯಿ ಮಾಡಿದ ಹಾಗೆ.

ಹಂಚಿಹೋಗುವ ವೇಗವನ್ನಾದರೂ ಸಹಿಸಬಹುದು. ಸಹಿಸಲಾಗದ್ದು ಇದು: ಐದರಲ್ಲಿ ಒಂದು ಡಿಸ್ಕ್ ಕೆಟ್ಟ ಸೆಕ್ಟರಿನಲ್ಲಿ ಸಿಕ್ಕಿಕೊಂಡರೆ ಕರ್ನಲ್ ಆ ಮಲ್ಟಿಪ್ಲಯರನ್ನೇ ರೀಸೆಟ್ ಮಾಡುತ್ತದೆ, ಉಳಿದ ನಾಲ್ಕರ ಕೆಲಸವೂ ನಿಲ್ಲುತ್ತದೆ. ರೀಸೆಟ್ ಮೇಲೆ ರೀಸೆಟ್ ಆಗಿ ಎರಡು ಡಿಸ್ಕ್ ಒಟ್ಟಿಗೆ ಹೊರಬಿದ್ದರೆ ಒಂದು ಡಿಸ್ಕಿನ ನಷ್ಟವನ್ನಷ್ಟೇ ತಾಳುವ ರೇಡ್5 ಅರೇ ಅಲ್ಲಿಗೆ ನಿಂತಿತು. ಹೆಸರಿಲ್ಲದ ಒಂದು ಹತ್ತು ಪೋರ್ಟ್ ಕಾರ್ಡಿನಲ್ಲಿ ಹಳೆಯ ಡಿಸ್ಕೊಂದನ್ನು ಬೇಕೆಂದೇ ಸೇರಿಸಿ ನೋಡಿದಾಗ ಆದದ್ದು ಹೀಗೆಯೇ: ಆ ಡಿಸ್ಕಿನ ಜೊತೆ ಅದೇ ಗುಂಪಿನ ಒಳ್ಳೆಯ ಡಿಸ್ಕ್ ಕೂಡ ಅರೇಯಿಂದ ಹೊರಗೆ ಬಂತು. ಅದೇ ಕೆಟ್ಟ ಡಿಸ್ಕ್ ನೇರ ಪೋರ್ಟಿನ ಕಾರ್ಡಿನಲ್ಲಿ ತಾನೊಂದೇ ಹೊರಬಿತ್ತು, ಅರೇ ಡಿಗ್ರೇಡ್ ಆಗಿ ನಡೆಯುತ್ತಲೇ ಇತ್ತು.

ನಿಮ್ಮ ಕಾರ್ಡಿನಲ್ಲಿ ಮಲ್ಟಿಪ್ಲಯರ್ ಇದೆಯೋ ಇಲ್ಲವೋ ಲಾಗ್ ಹೇಳುತ್ತದೆ. ನೇರ ಪೋರ್ಟಿನ ಡಿಸ್ಕ್ 'ಎಟಿಎ7.00' ಎಂದು ಮಾತ್ರ ಬರುತ್ತದೆ. 'ಎಟಿಎ7.15: ಪೋರ್ಟ್ ಮಲ್ಟಿಪ್ಲಯರ್' ಎಂಬ ಸಾಲು, ಅದರ ಕೆಳಗೆ 7.00, 7.01, 7.02 ಎಂದು ಡಿಸ್ಕ್‌ಗಳು ಕಂಡರೆ ಒಂದೇ ಬಾಯಿಯಲ್ಲಿ ಎಲ್ಲ ನಿಂತಿವೆ ಎಂದೇ ಅರ್ಥ. ಅಂಥ ಕಾರ್ಡು ಆಗಲೇ ಕೊಂಡಿದ್ದರೆ ಬ್ಯಾಕಪ್ ಪ್ರತಿ ಇಡುವ ಡಿಸ್ಕ್‌ಗಳಿಗೆ ಬಳಸಿ, ಅರೇಗೆ ಬೇಡ.

ನಾಲ್ಕು: ಎಲ್‌ಎಸ್‌ಐ ಎಚ್‌ಬಿಎ

ಎಚ್‌ಬಿಎ ಅಂದರೆ ತಾನು ರೇಡ್ ಮಾಡದೆ ಡಿಸ್ಕ್‌ಗಳನ್ನು ಯಂತ್ರಕ್ಕೆ ಸೇರಿಸುವ ಕಾರ್ಡ್. ಎಂಟು ಡಿಸ್ಕ್ ಬೇಕೆಂದರೆ ಇದೇ ದಾರಿ, ಇದರಲ್ಲಿ ಎರಡು ಮಾತಿಲ್ಲ. ಸರ್ವರ್‌ಗಳಿಂದ ಬಿಚ್ಚಿದ ಬಳಸಿದ ಕಾರ್ಡ್‌ಗಳು ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಲ್ಲಿ ಹುಡುಕಿದರೆ ಸಿಗುತ್ತವೆ. ರಾಯಚೂರಿನವರಿಗೆ ಎರಡನೆಯದೇ ಹತ್ತಿರ. ಎಲ್‌ಎಸ್‌ಐ ಕಂಪನಿಯನ್ನು 2014ರಲ್ಲಿ ಅವಾಗೊ ಕೊಂಡಿತು, 2016ರಲ್ಲಿ ಅವಾಗೊವೇ ಬ್ರಾಡ್‌ಕಾಮ್ ಹೆಸರು ಇಟ್ಟುಕೊಂಡಿತು. ಎಲ್‌ಎಸ್‌ಐ ಅಚ್ಚು ಇರುವ ಕಾರ್ಡನ್ನು 'ಹೊಚ್ಚ ಹೊಸದು' ಎಂದು ಯಾರಾದರೂ ಮಾರಿದರೆ ಆ ಮಾತಿಗೆ ಹೆಚ್ಚು ದುಡ್ಡು ಕೊಡಬೇಡಿ.

ಮೂರು ತಲೆಮಾರು ನೋಡಿದರೆ ಸಾಕು. ಸ್ಯಾಸ್ ಅಂದರೆ ಸರ್ವರ್ ಡಿಸ್ಕ್‌ಗಳ ಕನೆಕ್ಟರ್ ಬಗೆ, ಅದಕ್ಕೆ ಸಾಟಾ ಡಿಸ್ಕೂ ಸೇರುತ್ತದೆ. ಸ್ಯಾಸ್2008 ಚಿಪ್: ಪಿಸಿಐ ಎಕ್ಸ್‌ಪ್ರೆಸ್ 2.0 ಎಕ್ಸ್8, 6 ಗಿಗಾಬಿಟ್, ಎಂಟು ಪೋರ್ಟ್. ಎಲ್‌ಎಸ್‌ಐ 9211-8ಐ, ಐಬಿಎಂ ಎಂ1015, ಡೆಲ್ ಎಚ್200, ಎಚ್310 ಎಲ್ಲವೂ ಇದೇ ಚಿಪ್. ಸ್ಯಾಸ್2308: ಅದೇ 6 ಗಿಗಾಬಿಟ್, ಸ್ಲಾಟ್ 3.0, 9207-8ಐ ಕಾರ್ಡ್ ಇದರದು. ಸ್ಯಾಸ್3008: 12 ಗಿಗಾಬಿಟ್, 3.0, 9300-8ಐ. ಲಿನಕ್ಸ್‌ನಲ್ಲಿ ಈಗ ಮೂರನ್ನೂ ಎಂಪಿಟಿ3ಸ್ಯಾಸ್ ಡ್ರೈವರ್ ನಡೆಸುತ್ತದೆ. ಫ್ರೀಬಿಎಸ್‌ಡಿಯಲ್ಲಿ ಮೊದಲೆರಡಕ್ಕೆ ಎಂಪಿಎಸ್, ಮೂರನೆಯದಕ್ಕೆ ಎಂಪಿಆರ್. ಡಿಸ್ಕ್‌ಗಳು ಡಿಎ0, ಡಿಎ1 ಎಂದು ಬರುತ್ತವೆ.

ಇವಕ್ಕಿಂತ ಹಿಂದಿನ ಸ್ಯಾಸ್1068ಇ ಚಿಪ್ ಗುಜರಿಯಲ್ಲಿ ಬಹಳ ಅಗ್ಗಕ್ಕೆ ಸಿಗುತ್ತದೆ. ಮುಟ್ಟಬೇಡಿ. 2 ಟಿಬಿಗಿಂತ ದೊಡ್ಡ ಡಿಸ್ಕನ್ನು ಅದು ಪೂರ್ತಿ ಕಾಣುವುದೇ ಇಲ್ಲ, ಯಾವ ಫರ್ಮ್‌ವೇರ್ ಹಾಕಿದರೂ ಅಷ್ಟೇ.

ಗುರುತು ಹಿಡಿಯಲು 'ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ' ಕೊಡಿ. 1000:0072 ಬಂದರೆ 2008 ಚಿಪ್ ಎಚ್‌ಬಿಎ ರೂಪದಲ್ಲಿದೆ. 1000:0073 ಬಂದರೆ ಅದೇ ಚಿಪ್ ಮೆಗಾರೇಡ್ ಎಂಬ ರೇಡ್ ಫರ್ಮ್‌ವೇರ್ ಹೊತ್ತಿದೆ. ಎಂ1015, ಎಚ್310 ಹೀಗೆಯೇ ಬರುತ್ತವೆ, ಫರ್ಮ್‌ವೇರ್ ಬದಲಿಸಬೇಕು. 1000:0097 ಅಂದರೆ 3008. ಎಎಸ್‌ಎಂ1166 ಆದರೆ 1ಬಿ21:1166, ಜೆಎಂಬಿ585 ಆದರೆ 197ಬಿ:0585. ಅಂಗಡಿಗೆ ಲೈವ್ ಲಿನಕ್ಸ್ ಪೆನ್‌ಡ್ರೈವ್ ಒಯ್ದು ಅಲ್ಲೇ ಹಾಕಿಸಿ ಈ ಸಂಖ್ಯೆ ನೋಡಿಯೇ ದುಡ್ಡು ಕೊಡಿ.

ಎಚ್‌ಬಿಎಗೆ ಬೇಕಾದದ್ದು ಐಟಿ ಮೋಡ್ ಫರ್ಮ್‌ವೇರ್. ಡಿಸ್ಕನ್ನು ಮುಚ್ಚಿಡದೆ ಹಾಗೇ ದಾಟಿಸುತ್ತದೆ. 2008ಕ್ಕೆ ಕೊನೆಯ ನಂಬಿಕಸ್ತ ಆವೃತ್ತಿ 20.00.07.00. ಅದೇ 20ರ ಸಾಲಿನ ಮೊದಮೊದಲ ಬಿಡುಗಡೆಗಳು ದೋಷದವು, 20.00.00.00 ಕಂಡರೆ ಡೇಟಾ ಇಡುವ ಮೊದಲೇ ಬದಲಿಸಿ. 3008ಕ್ಕೆ 16.00.12.00 ಹಾಕಿ.

ಬದಲಿಸುವ ಕ್ರಮ ಹೀಗೆ. ಎಲ್ಲ ಡಿಸ್ಕ್ ಕೇಬಲ್ ಕಿತ್ತಿಡಿ, ಯಂತ್ರ ಯುಪಿಎಸ್ ಮೇಲಿರಲಿ, ಇಂಥ ಕಾರ್ಡು ಒಂದೇ ಇರಲಿ. ಪೆನ್‌ಡ್ರೈವನ್ನು ಫ್ಯಾಟ್32 ಮಾಡಿ ಯುಇಎಫ್‌ಐ ಶೆಲ್ (ಆಪರೇಟಿಂಗ್ ಸಿಸ್ಟಂ ಏಳುವ ಮೊದಲೇ ಆದೇಶ ಕೊಡುವ ಪರದೆ), ಫರ್ಮ್‌ವೇರ್ ಬರೆಯುವ ಸ್ಯಾಸ್2ಫ್ಲಾಶ್‌ನ ಇಎಫ್‌ಐ ಆವೃತ್ತಿ, ಐಟಿ ಫರ್ಮ್‌ವೇರಿನ 2118ಐಟಿ.ಬಿನ್ ಕಡತ ಹಾಕಿಕೊಳ್ಳಿ. ಡಾಸ್ ಆವೃತ್ತಿ ಇತ್ತೀಚಿನ ಬೋರ್ಡ್‌ಗಳಲ್ಲಿ 'ಫೇಲ್ಡ್ ಟು ಇನಿಶಿಯಲೈಜ್ ಪಾಲ್' ಎಂದು ನಿಂತುಬಿಡುತ್ತದೆ. ಮೊದಲು '-ಲಿಸ್ಟ್' ಕೊಟ್ಟು ಕಾರ್ಡಿನ ಸ್ಯಾಸ್ ವಿಳಾಸ ಬರೆದುಕೊಳ್ಳಿ. ಕಾರ್ಡಿನ ಹಿಂಬದಿಯ ಸ್ಟಿಕ್ಕರಿನಲ್ಲೂ 500605ಬಿ ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಆಗಲೇ ಐಟಿ ಮೋಡ್ ಇದ್ದು ಆವೃತ್ತಿ ಏರಿಸುವುದಷ್ಟೇ ಆದರೆ '-ಒ -ಎಫ್ 2118ಐಟಿ.ಬಿನ್' ಸಾಕು, ಅಳಿಸುವುದು ಬೇಡ. ಐಆರ್ ಮೋಡಿನಿಂದ (ಕಾರ್ಡೇ ರೇಡ್ ಮಾಡುವ ಬಗೆ) ಬರುವಾಗ ಮೊದಲು '-ಒ -ಇ 6' ಕೊಟ್ಟು ಅಳಿಸಬೇಕು. ಅಳಿಸಿದ ಮೇಲೆ ಹೊಸದು ಬರೆಯುವ ತನಕ ಯಂತ್ರ ಆಫ್ ಮಾಡಲೇಬಾರದು, ಮಾಡಿದರೆ ಕಾರ್ಡು ಏಳದೇ ಹೋಗಬಹುದು. ಕೊನೆಗೆ '-ಒ -ಸ್ಯಾಸ್ಆಡ್' ಜೊತೆ ಬರೆದಿಟ್ಟ ವಿಳಾಸ. ಈ ಡಿಸ್ಕ್‌ಗಳಿಂದ ಬೂಟ್ ಮಾಡುವುದಿಲ್ಲವಾದರೆ ಎಂಪಿಟಿಸ್ಯಾಸ್2.ರಾಮ್ ಹಾಕುವುದೇ ಬೇಡ, ಪ್ರತಿ ಬೂಟಿನಲ್ಲಿ ಕಾಯುವುದು ತಪ್ಪುತ್ತದೆ. 0073 ತೋರಿಸುವ ಎಂ1015ಕ್ಕೆ ಇದಕ್ಕೂ ಮೊದಲು ಡಾಸ್‌ನಲ್ಲಿ ಮೆಗಾರೆಕ್ ಎಂಬ ಸಾಧನದಿಂದ '-ರೈಟ್‌ಎಸ್‌ಬಿಆರ್ 0 ಎಸ್‌ಬಿಆರ್‌ಎಂಪ್ಟಿ.ಬಿನ್', ನಂತರ '-ಕ್ಲೀನ್‌ಫ್ಲಾಶ್ 0', ಆಮೇಲೆ ರೀಬೂಟ್.

ಸರಿಯಾಗಿದ್ದರೆ ಡೆಬಿಯನ್ ಲಾಗಿನಲ್ಲಿ 'ಎಂಪಿಟಿ2ಸ್ಯಾಸ್_ಸಿಎಂ0' ಎಂಬ ಸಾಲಿನಲ್ಲಿ ಚಿಪ್ಪಿನ ಹೆಸರು, ಅದರ ಪಕ್ಕ 20.00.07.00 ಕಾಣುತ್ತದೆ.

ಡೆಲ್ ಕಾರ್ಡ್ ಹಾಕಿದ ಕೂಡಲೇ ಕೆಲವು ಬೋರ್ಡ್‌ಗಳು ಬೂಟ್ ಆಗುವುದೇ ಇಲ್ಲ, ಪರದೆ ಕಪ್ಪು. ಕಾರ್ಡ್ ಸತ್ತಿಲ್ಲ, ಬೋರ್ಡು ಕಾರ್ಡಿನ ಮೇಲೆ ನಿಗಾ ಇಡುವ ಎಸ್‌ಎಂಬಸ್ ತಂತಿಗಳ ಜಗಳ ಅದು. ಚಿಪ್ ಇರುವ ಬದಿಯಲ್ಲಿ, ಬ್ರಾಕೆಟ್ ಕಡೆಯಿಂದ ಎಣಿಸಿದರೆ ಐದನೆಯ ಮತ್ತು ಆರನೆಯ ಪಟ್ಟಿಗಳಿಗೆ ಶಾಖ ತಡೆಯುವ ಕ್ಯಾಪ್ಟಾನ್ ಟೇಪಿನ ಸಣ್ಣ ತುಂಡು ಅಂಟಿಸಿ ಮತ್ತೆ ಹಾಕಿ. ಇನ್ನು ಕೆಲವು ಬೋರ್ಡ್‌ಗಳು ಮೊದಲ ಉದ್ದ ಸ್ಲಾಟಿನಲ್ಲಿ ಏನೇ ಇದ್ದರೂ ಗ್ರಾಫಿಕ್ಸ್ ಕಾರ್ಡ್ ಎಂದುಕೊಂಡು ಒಳಗಿನ ಡಿಸ್‌ಪ್ಲೇ ಆಫ್ ಮಾಡುತ್ತವೆ. ಬಯಾಸ್‌ನಲ್ಲಿ ಮೊದಲ ಡಿಸ್‌ಪ್ಲೇಯನ್ನು ಒಳಗಿನದಕ್ಕೆ ಗಟ್ಟಿ ಮಾಡಿಡಿ. ಅಂದಹಾಗೆ, ಎಕ್ಸ್8 ಕಾರ್ಡನ್ನು ಎಕ್ಸ್4 ಆಗಿ ಓಡುವ ಎರಡನೇ ಉದ್ದ ಸ್ಲಾಟಿಗೆ ಹಾಕಿದರೂ ಕೈಗೆ 1600 ಎಂಬಿ ಸಿಗುತ್ತದೆ, ಎಂಟು ಹಾರ್ಡ್ ಡಿಸ್ಕಿಗೆ ಧಾರಾಳ.

ಈಗ ಶಾಖದ ಮಾತು. ಈ ಕಾರ್ಡ್‌ಗಳು ಹುಟ್ಟಿದ್ದು ಸರ್ವರ್‌ಗೆ. ನಿಮಿಷಕ್ಕೆ 200 ಅಡಿ ವೇಗದ ಗಾಳಿ ಮೇಲೆ ಬೀಸುತ್ತಿರಬೇಕು ಎಂಬುದು ತಯಾರಕರ ಷರತ್ತು. ಮನೆಯ ಕ್ಯಾಬಿನೆಟ್ಟಿನ ಕೆಳ ಸ್ಲಾಟಿನಲ್ಲಿ ಗಾಳಿ ಆಡುವುದೇ ಇಲ್ಲ. ಮಧ್ಯಾಹ್ನ ಸ್ಕ್ರಬ್ ಓಡುತ್ತಿರುವಾಗ 2008ರ ಹೀಟ್‌ಸಿಂಕಿನ ಮೇಲೆ ಬೆರಳು ಎರಡು ಸೆಕೆಂಡ್ ನಿಲ್ಲುವುದಿಲ್ಲ. ಮಿತಿ ಮೀರಿದಾಗ ಒಂದು ಡಿಸ್ಕ್ ಹೋಗುವುದಲ್ಲ, ಎಂಟೂ ಒಂದೇ ಕ್ಷಣದಲ್ಲಿ ಮಾಯವಾಗುತ್ತವೆ. ಲಾಗ್ ತುಂಬ 'ಟಾಸ್ಕ್ ಅಬಾರ್ಟ್' ಸಾಲುಗಳು. ಎಂಟು ಡಿಸ್ಕ್ ಒಟ್ಟಿಗೆ ಕೆಡುವುದಿಲ್ಲವಲ್ಲ, ಅಂಥದ್ದು ಕಂಡರೆ ಮೊದಲು ಕಾರ್ಡ್ ಮುಟ್ಟಿ ನೋಡಿ. ಪರಿಹಾರ ಸುಲಭ: 40 ಎಂಎಂ ಫ್ಯಾನ್ ಒಂದನ್ನು ಹೀಟ್‌ಸಿಂಕಿನ ಮೇಲೆ ಕೂರಿಸಿ, ರೆಕ್ಕೆಗಳ ಸಂದಿಗೆ ಕಚ್ಚುವ ಸಣ್ಣ ಸ್ಕ್ರೂ ನಾಲ್ಕು ಸಾಕು. ಹಳೆಯ ಕಾರ್ಡ್ ಆದರೆ ಹೀಟ್‌ಸಿಂಕ್ ಬಿಚ್ಚಿ, ಸುಣ್ಣದಂತೆ ಒಣಗಿದ ಪೇಸ್ಟ್ ತೆಗೆದು ಹೊಸದು ಹಚ್ಚಿ. ಫ್ಯಾನ್ ಹಾಕಿದ ಮೇಲೆ ಅದೇ ಕೋಣೆಯಲ್ಲಿ, ಅದೇ ಹೊತ್ತಿನಲ್ಲಿ ಬೆರಳು ನಿಶ್ಚಿಂತೆಯಿಂದ ನಿಂತಿತು.

ಬಳ್ಳಾರಿ, ಸಂಡೂರು ಕಡೆ ಅದಿರಿನ ಕೆಂಪು ದೂಳು, ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಮಿಲ್ಲಿನ ಹೊಟ್ಟಿನ ದೂಳು. ಎರಡೂ ಈ ಚಿಕ್ಕ ಫ್ಯಾನಿನಲ್ಲಿ ಸಿಕ್ಕಿಕೊಳ್ಳುತ್ತವೆ. ಮೂರು ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯಿರಿ. ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ತಡೆದುಕೊಳ್ಳಿ, ಗಾಳಿಗೆ ಗಿರಗಿರ ತಿರುಗಿದರೆ ಬೇರಿಂಗ್ ಹೋಗುತ್ತದೆ.

9300-16ಐ ಕಾರ್ಡಿನಲ್ಲಿ 3008 ಚಿಪ್ ಎರಡಿವೆ. ಶಾಖ ಇಮ್ಮಡಿ, ಬೇರೆ ಪವರ್ ಕನೆಕ್ಟರ್ ಕೂಡ ಬೇಕು. ಎಸಿ ಇಲ್ಲದ ಕೋಣೆಗೆ ಬೇಡ.

ಎಸ್‌ಎಸ್‌ಡಿ ಹಾಕುವವರಿಗೆ ಒಂದು ಮಾತು. ಈ ಕಾರ್ಡ್‌ಗಳು ಎಲ್ಲ ಸಾಟಾ ಎಸ್‌ಎಸ್‌ಡಿಗೂ ಟ್ರಿಮ್ ದಾಟಿಸುವುದಿಲ್ಲ. ಟ್ರಿಮ್ ನಂತರ ಖಾತ್ರಿಯಾಗಿ ಸೊನ್ನೆ ಓದಿಸುತ್ತೇನೆ ಎನ್ನುವ ಎಸ್‌ಎಸ್‌ಡಿಗೆ ಮಾತ್ರ. 'ಎಚ್‌ಡಿಪಾರ್ಮ್ -ಐ' ಎಂದು ದೊಡ್ಡಕ್ಷರದ ಐ ಕೊಟ್ಟರೆ 'ಡಿಟರ್ಮಿನಿಸ್ಟಿಕ್ ರೀಡ್ ಝೀರೋಸ್ ಆಫ್ಟರ್ ಟ್ರಿಮ್' ಎಂಬ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ಎಸ್‌ಎಸ್‌ಡಿಯನ್ನು ಮದರ್‌ಬೋರ್ಡ್ ಪೋರ್ಟಿಗೇ ಹಾಕಿ.

ಆಪರೇಟಿಂಗ್ ಸಿಸ್ಟಂ ಆರಿಸುವಾಗ ಎಚ್ಚರ: ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರಿಂದ ಸ್ಯಾಸ್2008ರ ಗುರುತು ಸಂಖ್ಯೆಯನ್ನು ಡ್ರೈವರಿನಿಂದ ತೆಗೆದಿದ್ದಾರೆ. ಡ್ರೈವರ್ ಇರುತ್ತದೆ, ಡಿಸ್ಕ್ ಕಾಣುವುದಿಲ್ಲ. ಈಎಲ್‌ರೆಪೊ ಎಂಬ ಹೊರಗಿನ ಭಂಡಾರದ ಡ್ರೈವರ್ ಹಾಕಬೇಕು, ಇಲ್ಲವೇ ಆಲ್ಮಾಲಿನಕ್ಸ್ 9.4 ಅಥವಾ ನಂತರದ್ದು ಬಳಸಬೇಕು. ಆಲ್ಮಾಲಿನಕ್ಸ್‌ನವರು ಆ ಸಂಖ್ಯೆಯನ್ನು ಮತ್ತೆ ಸೇರಿಸಿದ್ದಾರೆ. ಡೆಬಿಯನ್‌ನಲ್ಲಿ ಈ ತಲೆನೋವಿಲ್ಲ.

ಐದು: ಹಾರ್ಡ್‌ವೇರ್ ರೇಡ್ ಕಾರ್ಡ್‌ಗಳು

ರೇಡ್ ಕೆಲಸವನ್ನು ಕಾರ್ಡೇ ಮಾಡುವ ಡೆಲ್‌ನ ಪರ್ಕ್ ಎಚ್710, ಎಚ್‌ಪಿಯ ಸ್ಮಾರ್ಟ್ ಅರೇ ಪಿ410 ಇಂಥವು. ಮೆಗಾರೇಡ್_ಸ್ಯಾಸ್, ಎಚ್‌ಪಿಎಸ್‌ಎ ಡ್ರೈವರ್‌ಗಳಿಂದ ಲಿನಕ್ಸ್‌ನಲ್ಲಿ ಚೆನ್ನಾಗಿಯೇ ನಡೆಯುತ್ತವೆ. ಬ್ಯಾಟರಿ ಇರುವ ಕ್ಯಾಶ್‌ನಿಂದ ಬರೆಯುವ ವೇಗವೂ ಹೆಚ್ಚು. ಆದರೂ ಸಣ್ಣ ಆಫೀಸಿಗೆ ನಾವು ಹೇಳುವುದಿಲ್ಲ. ಕಾರಣ, ಡಿಸ್ಕಿನ ಮೇಲಿನ ವಿನ್ಯಾಸ ಕಾರ್ಡಿನದು. ಕಾರ್ಡ್ ಸುಟ್ಟರೆ ಅದೇ ಮನೆತನದ ಇನ್ನೊಂದು ಕಾರ್ಡ್ ಸಿಗುವ ತನಕ ಮಿಲ್ಲಿನ ಲೆಕ್ಕಪತ್ರ ಸಿಗುವುದಿಲ್ಲ. ಎಂಡಿಎಡಿಎಂ ಅರೇ ಆದರೆ ಡಿಸ್ಕ್ ಕಿತ್ತು ಬೇರೆ ಯಾವುದೇ ಲಿನಕ್ಸ್ ಯಂತ್ರಕ್ಕೆ ಹಾಕಿ '--ಅಸೆಂಬಲ್ --ಸ್ಕ್ಯಾನ್' ಎಂದರೆ ಮುಗಿಯಿತು. ಝಡ್‌ಎಫ್‌ಎಸ್ ಆದರೆ 'ಝಡ್‌ಪೂಲ್ ಇಂಪೋರ್ಟ್'. ನಮ್ಮ ಬಿಸಿಲಿಗೆ ಕ್ಯಾಶ್ ಬ್ಯಾಟರಿಯ ಆಯಸ್ಸೂ ಬೇಗ ಕಳೆಯುತ್ತದೆ. ಬ್ಯಾಟರಿ ಸತ್ತ ದಿನ ಕಾರ್ಡು ತಾನಾಗಿ ನಿಧಾನದ ದಾರಿಗೆ ಇಳಿಯುತ್ತದೆ.

ಪ್ರತಿ ಡಿಸ್ಕನ್ನು ಒಂಟಿ ರೇಡ್0 ಮಾಡಿ ಅದರ ಮೇಲೆ ಝಡ್‌ಎಫ್‌ಎಸ್ ಕಟ್ಟುವವರಿದ್ದಾರೆ. ಪಿ410ಕ್ಕೆ ಡಿಸ್ಕನ್ನು ಹಾಗೇ ದಾಟಿಸುವ ಮೋಡ್ ಇಲ್ಲದ್ದರಿಂದ ಈ ಉಪಾಯ. ಡಿಸ್ಕಿನ ಆರೋಗ್ಯ ನೋಡಲು ಸ್ಮಾರ್ಟ್‌ಸಿಟಿಎಲ್‌ಗೆ '-ಡಿ ಸಿಸಿಐಎಸ್‌ಎಸ್,0' ಎಂದು, ಮೆಗಾರೇಡ್ ಆದರೆ '-ಡಿ ಮೆಗಾರೇಡ್,0' ಎಂದು ಸುತ್ತಿ ಬಳಸಿ ಕೇಳಬೇಕು. ಡಿಸ್ಕ್ ಬದಲಿಸಿದಾಗ ಕಾರ್ಡಿನೊಳಗೆ ಹೋಗಿ ಮತ್ತೆ ರೇಡ್0 ಕಟ್ಟಬೇಕು. ಕೈಗೆ ಬಂದದ್ದು ಎಚ್730 ಆದರೆ ಎಚ್‌ಬಿಎ ಮೋಡ್ ಇದೆ, ಅದಕ್ಕೆ ಬದಲಿಸಿ. ಎಚ್310 ಮೂಲ ಫರ್ಮ್‌ವೇರಿನಲ್ಲೂ ಡಿಸ್ಕ್ ದಾಟಿಸುತ್ತದೆ, ಆದರೆ ಸರದಿ ಉದ್ದ (ಒಮ್ಮೆಗೆ ಸಾಲಿನಲ್ಲಿ ನಿಲ್ಲಬಹುದಾದ ಕೋರಿಕೆಗಳು) ಬರೀ 25. ಐಟಿ ಫರ್ಮ್‌ವೇರ್ ಹಾಕಿದರೆ 600. ರೀಬಿಲ್ಡ್ ಹೊತ್ತಿನಲ್ಲಿ ಇಡೀ ಯಂತ್ರ ತೆವಳುವುದಕ್ಕೂ ಕೆಲಸ ಮಾಡಬಹುದಾದದ್ದಕ್ಕೂ ಇರುವ ಅಂತರ ಇದು.

ಕಾರ್ಡಿನ ತಪ್ಪಲ್ಲದೆ ಕಾರ್ಡಿನ ಮೇಲೆ ಬರುವ ದೂರು

ಎಲ್‌ಎಸ್‌ಐ ಕಾರ್ಡಿಗೆ ಹಾಕುವ ಎಸ್‌ಎಫ್‌ಎಫ್-8087 ಕೇಬಲ್ ಎರಡು ಬಗೆ, ನೋಡಲು ಒಂದೇ. ಕಾರ್ಡಿನಿಂದ ನಾಲ್ಕು ಸಾಟಾ ಡಿಸ್ಕಿಗೆ ಹೋಗುವುದು ಫಾರ್ವರ್ಡ್ ಬ್ರೇಕ್‌ಔಟ್. ರಿವರ್ಸ್ ಬ್ರೇಕ್‌ಔಟ್ ಹಾಕಿದರೆ ಒಂದು ಡಿಸ್ಕೂ ಕಾಣುವುದಿಲ್ಲ. 9300ಕ್ಕೆ ಬೇಕಾದದ್ದು 8643. ಉದ್ದ ಒಂದು ಮೀಟರಿಗಿಂತ ಕಡಿಮೆ ಇರಲಿ. ಸ್ಮಾರ್ಟ್ ಪಟ್ಟಿಯ 199ನೇ ಸಾಲು, ಸಿಆರ್‌ಸಿ ದೋಷಗಳ ಲೆಕ್ಕ, ದಿನದಿಂದ ದಿನಕ್ಕೆ ಏರುತ್ತಿದ್ದರೆ ಕೇಬಲ್ ಬದಲಿಸಿ, ಡಿಸ್ಕನ್ನಲ್ಲ. ಆ ಸಂಖ್ಯೆ ಮತ್ತೆ ಸೊನ್ನೆಗೆ ಇಳಿಯುವುದಿಲ್ಲ, ಏರುವುದು ನಿಂತರೆ ಸಾಕು.

3.5 ಇಂಚಿನ ಡಿಸ್ಕ್ ಎದ್ದೇಳುವಾಗ 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ಎಂಟಕ್ಕೆ 16 ಆಂಪಿಯರ್, 190 ವ್ಯಾಟ್‌ಗೂ ಮೇಲೆ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್ ಇದನ್ನು ತಡೆಯುವುದಿಲ್ಲ. ಬೂಟ್ ಹೊತ್ತಿನಲ್ಲಿ ಒಂದೆರಡು ಡಿಸ್ಕ್ ಕಾಣೆಯಾಗಿ ಕಾರ್ಡಿನ ಮೇಲೆ ಅನುಮಾನ ಬರುತ್ತದೆ. ಮೋಲೆಕ್ಸ್‌ನಿಂದ ಸಾಟಾ ಪವರ್ ಮಾಡುವ, ಪ್ಲಾಸ್ಟಿಕ್ ಎರಕ ಹೊಯ್ದ ಅಗ್ಗದ ಅಡಾಪ್ಟರ್ ಬಳಸಬೇಡಿ, ಒಳಗೆ ತಂತಿಗಳು ಸೇರಿ ಹೊತ್ತಿಕೊಳ್ಳುತ್ತವೆ. ತಂತಿ ಒಂದೊಂದಾಗಿ ಕಚ್ಚಿಸಿರುವ ಬಗೆಯದನ್ನೇ ಕೇಳಿ ತನ್ನಿ.

ಸಾದಾ ಡೆಸ್ಕ್‌ಟಾಪ್ ಡಿಸ್ಕ್ ಕೆಟ್ಟ ಸೆಕ್ಟರನ್ನು ನಿಮಿಷಗಟ್ಟಲೆ ಮತ್ತೆ ಮತ್ತೆ ಓದಲು ಹೆಣಗುತ್ತದೆ. ಲಿನಕ್ಸ್ 30 ಸೆಕೆಂಡ್ ಮಾತ್ರ ಕಾಯುತ್ತದೆ. ಆಮೇಲೆ ರೀಸೆಟ್, ಆಮೇಲೆ ಅರೇಯಿಂದ ಹೊರಗೆ. ಡಿಸ್ಕ್ ಒಪ್ಪಿದರೆ 'ಸ್ಮಾರ್ಟ್‌ಸಿಟಿಎಲ್ -ಎಲ್ ಎಸ್‌ಸಿಟಿಇಆರ್‌ಸಿ,70,70' ಕೊಟ್ಟು 7 ಸೆಕೆಂಡಿಗೆ ಕೈಬಿಡುವಂತೆ ಹೇಳಿ. ಒಪ್ಪದಿದ್ದರೆ '/ಸಿಸ್' ಕಡತಕೋಶದ ಕೆಳಗೆ ಆ ಡಿಸ್ಕಿನ 'ಟೈಮ್‌ಔಟ್' ಕಡತದಲ್ಲಿ 180 ಬರೆಯಿರಿ. ಎರಡೂ ಪ್ರತಿ ಬೂಟಿಗೆ ಮತ್ತೆ ಕೊಡಬೇಕು, ಡಿಸ್ಕ್ ಕಂಡಾಗ ತಾನಾಗಿ ಓಡುವ ಯುಡೆವ್ ನಿಯಮ ಬರೆದಿಡಿ.

ಡೇಟಾ ಇಡುವ ಮೊದಲು

ಯಾವ ಕಾರ್ಡ್ ಆರಿಸಿದರೂ ಖಾಲಿ ಅರೇ ಇರುವಾಗಲೇ ಒಂದು ದಿನ ಪರೀಕ್ಷೆ ಮಾಡಿ. ಕ್ಯಾಬಿನೆಟ್ ಬಾಗಿಲು ಮುಚ್ಚಿ, ಯಂತ್ರ ಇಡುವ ಜಾಗದಲ್ಲೇ ಇಟ್ಟು, ಎಲ್ಲ ಡಿಸ್ಕ್‌ಗಳ ಮೇಲೂ ಒಂದೇ ಸಲ 'ಡಿಡಿ' ಆದೇಶದಿಂದ ಪೂರ್ತಿ ಓದಿಸಿ. ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದರೆ ಬಿಸಿಲು ನೆತ್ತಿಗೇರುವ ಹೊತ್ತು ಅದರೊಳಗೇ ಬರುತ್ತದೆ. ಮುಗಿದ ಮೇಲೆ ಲಾಗಿನಲ್ಲಿ 'ಹಾರ್ಡ್ ರೀಸೆಟಿಂಗ್ ಲಿಂಕ್', 'ಟಾಸ್ಕ್ ಅಬಾರ್ಟ್' ಒಂದೂ ಇರಬಾರದು, 199ನೇ ಸಾಲು ಬೆಳಗಿನ ಸಂಖ್ಯೆಯಲ್ಲೇ ಇರಬೇಕು. ನಂತರ ಪ್ರತಿ ಡಿಸ್ಕಿನ ಸೀರಿಯಲ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿಯನ್ನು ಚೀಟಿಯಲ್ಲಿ ಬರೆದು ಅದರ ಮುಖಕ್ಕೆ ಅಂಟಿಸಿ. ಕಾರ್ಡ್ ಅಥವಾ ಸ್ಲಾಟ್ ಬದಲಾದರೆ ಎಸ್‌ಡಿಎ, ಎಸ್‌ಡಿಬಿ ಹೆಸರುಗಳು ಅದಲುಬದಲಾಗುತ್ತವೆ, ಸೀರಿಯಲ್ ಸಂಖ್ಯೆ ಬದಲಾಗುವುದಿಲ್ಲ. ಕೊನೆಯದಾಗಿ ಅರೇ ನಡೆಯುತ್ತಿರುವಾಗಲೇ ಒಂದು ಡಿಸ್ಕಿನ ಡೇಟಾ ಕೇಬಲ್ ಎಳೆಯಿರಿ. ಆ ಚೀಟಿಯ ಡಿಸ್ಕ್ ಒಂದೇ ಹೊರಬಿದ್ದು ಉಳಿದವು ನಡೆಯುತ್ತಿದ್ದರೆ ಮತ್ತೆ ಸೇರಿಸಿ, ರೀಬಿಲ್ಡ್ ಎಷ್ಟು ಗಂಟೆ ಹಿಡಿಯಿತೆಂದು ಗಡಿಯಾರ ನೋಡಿ ಅದೇ ಚೀಟಿಯ ಮೇಲೆ ಬರೆದಿಡಿ.